ಕಂದಾಯವಿಲ್ಲದ ಕೋಟೆ

ನನ್ನ ಗಂಡನಿಗೆ ಒಂದು ಕೋಟೆ, ನಾಲ್ಕು ಬುರುಜು, ಹದಿನೆಂಟು ತುಂಡು ಜಮೀನು ಇವೆ. ಮೊನ್ನೆ ಮೊನ್ನೆಯವರೆಗೆ ಹತ್ತೊಂಬತ್ತು ತುಂಡಿದ್ದವು. ಆ ಒಂದು ಹೇಗೆ ಕೈಬಿಟ್ಟಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಈ ಆಸ್ತಿಯೆಲ್ಲ ಒಂದು ಹಳೆಯ ಲ್ಯಾಪ್‌ಟಾಪಿನ ಒಳಗಿದೆ. ಲ್ಯಾಪ್‌ಟಾಪಿನ ಹೊರಗೆ ಇವರ ಹೆಸರಿನಲ್ಲಿರುವುದು ಸೀಟು ಹರಿದ ಸ್ಕೂಟರು ಮತ್ತು ಸ್ಪ್ಯಾನರ್ ತುಂಬಿದ ಚೀಲ. ಮನೆ ಬಾಡಿಗೆಯದು. ಬಚ್ಚಲ ಬಾಗಿಲಿನ ಚಿಲಕ ಎರಡು ವರ್ಷದಿಂದ ಬೀಳುವುದಿಲ್ಲ, ಒಳಗೆ ಹೋದವರು ಹೊರಗೆ ಬರುವತನಕ ಹಾಡುತ್ತಿರಬೇಕು. ನಾಲ್ಕು ಬುರುಜಿನ ದೊರೆಗಳಿಗೆ ಇಂಥ ಚಿಲ್ಲರೆ ವಿಷಯಕ್ಕೆಲ್ಲ ಪುರುಸೊತ್ತು ಎಲ್ಲಿಂದ ಬರಬೇಕು?

ವೃತ್ತಿಯಲ್ಲಿ ಇವರು ಲಿಫ್ಟ್ ಮೆಕ್ಯಾನಿಕ್. ನಲವತ್ತೆರಡು ಲಿಫ್ಟುಗಳು ಇವರ ಪಾಲಿಗೆ ಬಂದಿವೆ. ತಿಂಗಳಿಗೊಮ್ಮೆ ಪ್ರತಿಯೊಂದರ ಹಗ್ಗ ನೋಡಬೇಕು, ಗ್ರೀಸ್ ಹಚ್ಚಬೇಕು, ಬಾಗಿಲಿನ ಸಂದಿಯಲ್ಲಿ ಕೂತ ಕಸ ಕೆರೆಯಬೇಕು, ಬ್ರೇಕ್ ಪರೀಕ್ಷಿಸಿ ಹಳದಿ ಕಾರ್ಡಿಗೆ ಸಹಿ ಹಾಕಬೇಕು. ನಾನು ಬಟ್ಟೆ ಅಂಗಡಿಗಳ ಬೀದಿಯಲ್ಲಿ ಒಂದು ಹೊಲಿಗೆ ಯಂತ್ರ ಹಾಕಿಕೊಂಡು ಆಲ್ಟರೇಷನ್ ಮಾಡುತ್ತೇನೆ. ಕೆಟ್ಟ ಜಿಪ್ಪು ತೆಗೆದು ಹೊಸದು ಹಾಕುವುದು, ಪ್ಯಾಂಟು ಮೋಟು ಮಾಡುವುದು, ಹಿಡಿಸದೆ ಹೋದ ಅಂಗಿಯ ಬದಿ ಬಿಚ್ಚುವುದು. ಒಟ್ಟಿನಲ್ಲಿ ಜಗತ್ತಿನ ವಸ್ತುಗಳು ಸವೆಯುವುದರಿಂದಲೇ ನಮ್ಮ ಮನೆಯ ಒಲೆ ಉರಿಯುತ್ತದೆ. ಇದು ನನಗೆ ಗೊತ್ತಿತ್ತು. ಇವರಿಗೂ ಗೊತ್ತಿರಬಹುದು ಎಂದುಕೊಂಡಿದ್ದೆ. ಹದಿನಾರು ವರ್ಷ ಸಂಸಾರ ಮಾಡಿದ ಮೇಲೂ ಗಂಡನ ಬಗ್ಗೆ ಹೀಗೆಲ್ಲ ಅಂದುಕೊಳ್ಳುವುದು ನನ್ನದೇ ತಪ್ಪು.

ಇವರು ಮೊದಲಿನಿಂದಲೂ ಮಾತಿನ ಮನುಷ್ಯರಲ್ಲ. ದಿನವಿಡೀ ಕತ್ತಲೆಯ ಗುಂಡಿಯಲ್ಲಿ ಒಬ್ಬರೇ ಕೆಲಸ ಮಾಡಿ ಮನೆಗೆ ಬಂದರೆ, "ಹೂಂ" ಮತ್ತು "ಊಹೂಂ" ಎರಡರಲ್ಲೇ ಸಂಜೆ ಮುಗಿಸಿಬಿಡುತ್ತಿದ್ದರು. ಮೂರು ವರ್ಷದ ಹಿಂದೆ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಆರು ವಾರ ಮನೆಯಲ್ಲಿ ಕೂತರು. ಆಗ ಇವರ ಜೊತೆಯ ಮೆಕ್ಯಾನಿಕ್ ಒಬ್ಬರು ಈ ಲ್ಯಾಪ್‌ಟಾಪು ಕೊಟ್ಟು, ಆಟ ಹಾಕಿಕೊಟ್ಟು ಹೋದರು. ಸಾವಿರಾರು ಜನ ಏಕಕಾಲಕ್ಕೆ ಆಡುವ ಆಟ. ಜಮೀನು ಹಿಡಿಯಬೇಕು, ಕೋಟೆ ಕಟ್ಟಬೇಕು, ಊರು ಮಾಡಬೇಕು, ಪಕ್ಕದ ಊರಿನವರ ಜೊತೆ ವ್ಯಾಪಾರ ಮಾಡಬೇಕು, ಬೇಜಾರಾದರೆ ಜಗಳ ಮಾಡಬೇಕು. ಮೊಣಕಾಲು ವಾಸಿಯಾಯಿತು. ಆಟ ಮಾತ್ರ ಅಂಟಿಕೊಂಡಿತು.

ಇವರ ಊರಿನಲ್ಲಿ ಇಪ್ಪತ್ತೆರಡು ಜನ ಸೇರಿದರು. ಯಾರೂ ಯಾರ ಮುಖವನ್ನೂ ನೋಡಿಲ್ಲ, ಸ್ಪೀಕರಿನಲ್ಲಿ ದನಿ ಮಾತ್ರ ಕೇಳುತ್ತದೆ. ಬೇಕರಿ ನಡೆಸುವ ಒಬ್ಬಳಿದ್ದಾಳೆ, ಅವಳು ಬೇಕರಿ ಅಕ್ಕ. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು ಭೂಗೋಳ ಮೇಡಂ, ಇವರ ಕೋಟೆಯ ನಕ್ಷೆಯಲ್ಲಿ ಉತ್ತರ ದಿಕ್ಕು ತಪ್ಪಾಗಿದೆ ಎಂದು ಮೊದಲ ದಿನವೇ ಬೈದವರು. ಲಾರಿ ಓಡಿಸುವವನು ಲಾರಿ ಅಣ್ಣ, ಎಲ್ಲಾದರೂ ರಸ್ತೆ ಬದಿಗೆ ನಿಲ್ಲಿಸಿಕೊಂಡು ಫೋನಿನಲ್ಲಿ ಆಡುತ್ತಾನೆ. ಇವರು ದೊರೆ. ಆ ಹೆಸರನ್ನು ಇವರೇ ಇಟ್ಟುಕೊಂಡದ್ದು, ಬೇರೆ ಯಾರು ಇಡುತ್ತಾರೆ? ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಎಲ್ಲರೂ ಸೇರುತ್ತಿದ್ದರು. ಆ ಎರಡು ಗಂಟೆ ಇವರು ನಗುತ್ತಿದ್ದರು. ಗಹಗಹಿಸಿ, ಹೊಟ್ಟೆ ಹಿಡಿದುಕೊಂಡು. ಮದುವೆಯಾದಾಗಿನಿಂದ ನಾನು ಕೇಳದ ನಗು ಅದು. ನನಗೆ ಹೊಟ್ಟೆ ಉರಿಯಿತು, ಮುಚ್ಚಿಟ್ಟು ಪ್ರಯೋಜನವಿಲ್ಲ.

ಎಲ್ಲರೂ ಭಾನುವಾರವೇ ಸೇರಲು ಕಾರಣ ಕಂದಾಯ. ಆಟ ನಡೆಸುವ ಕಂಪನಿಯವರು ಅದಕ್ಕೆ ಏನೋ ಉದ್ದದ ಹೆಸರು ಇಟ್ಟಿದ್ದರು, ಆಡುವವರು ಕಂದಾಯ ಎನ್ನುತ್ತಿದ್ದರು. ನಿಯಮ ಸರಳ. ಭಾನುವಾರ ಮಧ್ಯಾಹ್ನ ಹನ್ನೆರಡರ ಒಳಗೆ ಕೋಟೆಯ ನಡುವಿನ ಪೆಟ್ಟಿಗೆಗೆ ಇಷ್ಟು ಕಲ್ಲು, ಇಷ್ಟು ಮರ, ಇಷ್ಟು ಕಬ್ಬಿಣ ತುಂಬಬೇಕು. ತುಂಬದಿದ್ದರೆ ಗೋಡೆ ಬಿರುಕು ಬಿಡುತ್ತದೆ, ಮೂರು ದಿನದಲ್ಲಿ ಬೀಳುತ್ತದೆ, ಆಮೇಲೆ ದಾರಿಹೋಕರೆಲ್ಲ ಒಳಗೆ ನುಗ್ಗಿ ಬಾಚಿಕೊಂಡು ಹೋಗುತ್ತಾರೆ. ಜಮೀನು ಹೆಚ್ಚಾದಷ್ಟೂ ಕಂದಾಯ ಏರುತ್ತದೆ. ಐದು ತುಂಡಿದ್ದವನಿಗೆ ಹಗುರ. ಹತ್ತೊಂಬತ್ತನೆಯ ತುಂಡಿನ ಕಂದಾಯ ಮೊದಲಿನ ಐದಕ್ಕಿಂತ ಹೆಚ್ಚು. ಬುದ್ಧಿ ಇದ್ದವರು ಹತ್ತಕ್ಕೆ ನಿಲ್ಲಿಸುತ್ತಾರೆ. ಇವರು ಒಂದನ್ನೂ ಬಿಡಲಿಲ್ಲ. ಅದರಲ್ಲಿ ಒಂದು ತುಂಡು ಬರೀ ಜವುಗು, ಹುಲ್ಲೂ ಹುಟ್ಟುವುದಿಲ್ಲ. "ಅದನ್ನಾದ್ರೂ ಬಿಟ್ಟುಬಿಡಿ" ಎಂದೆ. "ಅಲ್ಲಿಂದ ನೋಟ ಚೆನ್ನಾಗಿದೆ ಕಣೇ" ಎಂದರು. ನಮ್ಮ ಮನೆಯ ಕಿಟಕಿಯಿಂದ ಪಕ್ಕದ ಮನೆಯ ಗೋಡೆ ಕಾಣುತ್ತದೆ. ಅದರ ಬಗ್ಗೆ ಇವರು ಒಂದು ದಿನ ಚಕಾರ ಎತ್ತಿದವರಲ್ಲ.

ಒಂದು ಭಾನುವಾರ ಹನ್ನೊಂದೂವರೆಗೆ ಇವರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಮುಖ ಸಣ್ಣದಾಗಿತ್ತು. ಯಾರೋ ಸತ್ತಿರಬೇಕು ಎಂದು ಒಲೆ ಆರಿಸಿದೆ.

"ನಾನೂರು ಕಲ್ಲು ಕಮ್ಮಿ ಬಿದ್ದಿದೆ" ಎಂದರು. "ಸ್ವಲ್ಪ ಒಡ್ಕೊಡ್ತೀಯಾ?"

"ರೀ, ನಾನು ಆ ಆಟ ಆಡಲ್ಲ."

"ಆಡು ಅಂದ್ನಾ? ಕಲ್ಲು ಒಡಿ ಅಂದೆ ಅಷ್ಟೇ."

ಹೀಗೆ ನಾನು ನನ್ನ ಫೋನಿನಲ್ಲಿ ಆ ಊರಿನ ಇಪ್ಪತ್ತಮೂರನೆಯ ಪ್ರಜೆಯಾದೆ. ಇವತ್ತಿಗೂ ನಾನು ಆಟ ಆಡುವುದಿಲ್ಲ, ಕಲ್ಲು ಒಡೆಯುತ್ತೇನೆ. ಪ್ರತಿ ಭಾನುವಾರ ಇವರು ಮೇಜಿನ ಆ ಕಡೆ ಲ್ಯಾಪ್‌ಟಾಪು, ನಾನು ಈ ಕಡೆ ಫೋನು. ಒಬ್ಬರಿಗೆ ಒಂದು ಸಲಕ್ಕೆ ಹತ್ತು ಕಲ್ಲು ಮಾತ್ರ ಹೊರಲಾಗುತ್ತದೆ, ಹಾಗಾಗಿ ಹೋಗಿ ಬಂದು, ಹೋಗಿ ಬಂದು, ದಾರಿಯುದ್ದಕ್ಕೂ ಹರಟೆ. ಬೇಕರಿ ಅಕ್ಕನ ಓವನ್ ಕೈಕೊಟ್ಟದ್ದು, ಮೇಡಮ್ಮಿನ ಮೊಮ್ಮಗಳು ಭೂಗೋಳದಲ್ಲೇ ಫೇಲಾದದ್ದು, ಲಾರಿ ಅಣ್ಣನ ಬೆನ್ನುನೋವು ಎಲ್ಲವೂ ನನಗೆ ಕಲ್ಲು ಹೊರುತ್ತಲೇ ಗೊತ್ತಾದವು. ಇವರು ಮಾತ್ರ ಕೋಟೆಯೊಳಗೆ ಊರಿನವರೆಲ್ಲ ಬಳಸುವ ಉಪಕರಣದ ಪೆಟ್ಟಿಗೆಯ ಮುಂದೆ ಗೂಟ ಹೊಡೆದಂತೆ ಕೂತಿರುತ್ತಿದ್ದರು. ಯಾರು ಯಾವಾಗ ಏನು ತೆಗೆದರು, ಯಾವಾಗ ವಾಪಸ್ ಇಟ್ಟರು ಎಂಬ ಪಟ್ಟಿಯನ್ನು ಆ ಪೆಟ್ಟಿಗೆ ತಾನೇ ಬರೆದುಕೊಳ್ಳುತ್ತದೆ. ದಿನಕ್ಕೆ ಮೂರು ಸಲ ಆ ಪಟ್ಟಿ ಓದದಿದ್ದರೆ ದೊರೆಗಳಿಗೆ ಅನ್ನ ಇಳಿಯುವುದಿಲ್ಲ. ಬೇಕರಿ ಅಕ್ಕ ಒಮ್ಮೆ ಮೂರು ಕಬ್ಬಿಣದ ಸರಳು ಹೆಚ್ಚಿಗೆ ತೆಗೆದಳು ಎಂದು ಇವರು ಒಂದು ವಾರ ಮುಖ ಊದಿಸಿಕೊಂಡಿದ್ದರು.

ಊರಿನ ಆದಾಯವೂ ಕಂದಾಯದಿಂದಲೇ. ಎಲ್ಲ ಊರಿಗೂ ಭಾನುವಾರಕ್ಕೆ ಕಲ್ಲು ಬೇಕಲ್ಲ? ಇವರು ಸೋಮವಾರ ಸಂತೆಯಲ್ಲಿ ಅಗ್ಗಕ್ಕೆ ಕಲ್ಲು ಕೊಂಡು ಗೋದಾಮು ತುಂಬುತ್ತಿದ್ದರು, ಶನಿವಾರ ಒಂದಕ್ಕೆ ನಲವತ್ತು ಚಿನ್ನದ ನಾಣ್ಯದ ಲೆಕ್ಕದಲ್ಲಿ ಮಾರುತ್ತಿದ್ದರು. ಮಾರಿ ಬಂದು, ವ್ಯಾಪಾರದ ಗುಟ್ಟು ತಮಗೊಬ್ಬರಿಗೇ ಗೊತ್ತೆನ್ನುವಂತೆ ಮೀಸೆ ಸವರಿಕೊಳ್ಳುತ್ತಿದ್ದರು.

ಹೀಗಿರುವಾಗ ಆಟದವರು ಕಂದಾಯವನ್ನು ಕಾಲುಭಾಗ ಏರಿಸಿದರು. ಇವರ ಪಿತ್ತ ನೆತ್ತಿಗೇರಿತು. ಲಿಫ್ಟ್ ತಪಾಸಣೆಯ ಹಳದಿ ಕಾರ್ಡಿನ ಹಿಂಭಾಗದಲ್ಲಿ ಮನವಿಯ ಕರಡು ಬರೆದರು: ಕಂದಾಯ ಇಳಿಸುವುದಲ್ಲ, ಪೂರ್ತಿ ರದ್ದಾಗಬೇಕು. ಕಷ್ಟಪಟ್ಟು ಕಟ್ಟಿದ ಗೋಡೆ ತಾನಾಗಿ ಬೀಳುವುದು ಅನ್ಯಾಯ.

"ರೀ, ಕಂದಾಯ ಹೋದ್ರೆ ನಿಮ್ಮ ಕಲ್ಲನ್ನ ಯಾರು ಕೊಳ್ತಾರೆ?" ಎಂದು ಕೇಳಿದೆ.

"ನಿಂಗೆ ಆಟದ ಅರ್ಥಶಾಸ್ತ್ರ ಗೊತ್ತಾಗಲ್ಲ ಬಿಡು."

"ಜಿಪ್ಪು ಕೆಡೋದೇ ನಿಂತೋದ್ರೆ ನಾನು ಏನು ಹೊಲೀಲಿ? ಲಿಫ್ಟು ಕೆಡದೇ ಇದ್ರೆ ನಿಮ್ಮನ್ನ ಯಾರು ಕರೀತಾರೆ?"

"ಜಿಪ್ಪು ಬೇರೆ, ಕೋಟೆ ಬೇರೆ" ಎಂದು ಎದ್ದು ಹೋದರು.

ಆಟದೊಳಗಿನ ಹನ್ನೊಂದು ಊರು ಸುತ್ತಿ ಸಹಿ ಕೂಡಿಸಿದರು. ಸಾಲದ್ದಕ್ಕೆ ಕೆಲಸದಲ್ಲೂ ಶುರು ಹಚ್ಚಿಕೊಂಡರು. ಒಂದು ದಿನ ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ ಲಿಫ್ಟು ನಿಂತು, ನಾಲ್ಕನೆಯದರಲ್ಲಿ ಮನೆಯಿರುವ ಒಬ್ಬ ಅಜ್ಜ ತರಕಾರಿ ಚೀಲದೊಂದಿಗೆ ಸಿಕ್ಕಿಕೊಂಡಿದ್ದರು. ಇವರು ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದು, ಆ ಸಂದಿಯಿಂದಲೇ ಕಂದಾಯದ ಅನ್ಯಾಯವನ್ನು ಮೊದಲಿನಿಂದ ವಿವರಿಸಿದರಂತೆ. ಆಟದಲ್ಲಿ ಖಾತೆ ಇದ್ದವರ ಸಹಿ ಮಾತ್ರ ನಡೆಯುತ್ತದೆ, ಹಾಗಾಗಿ ಅಜ್ಜನ ಫೋನು ಇಸಿದುಕೊಂಡು ಖಾತೆ ತೆರೆದು, ಸಹಿ ಹಾಕಿಸಿ, ಆಮೇಲೆ ಲಿಫ್ಟು ಇಳಿಸಿದರು. ಖಾತೆಗೆ ಇಪ್ಪತ್ತು ನಿಮಿಷ, ಲಿಫ್ಟಿಗೆ ಎರಡು ನಿಮಿಷ. ಇದನ್ನೆಲ್ಲ ಇವರೇ ಊಟಕ್ಕೆ ಕೂತಾಗ ಎದೆಯುಬ್ಬಿಸಿ ಹೇಳಿದ್ದು. "ಪಾಪ, ಅಜ್ಜ ತಕ್ಷಣ ಒಪ್ಕೊಂಡ್ರು" ಎಂದರು. ಒಪ್ಪದೇ ಏನು ಮಾಡುತ್ತಾರೆ, ಅಂತರದಲ್ಲಿ ತೂಗುತ್ತಿರುವವರು?

ಆಟದವರು ಮನವಿಗೆ ಮಣಿದರು. ಕಂದಾಯ ರದ್ದು. ಯಾವ ಗೋಡೆಯೂ ಇನ್ನು ತಾನಾಗಿ ಬೀಳುವುದಿಲ್ಲ. ಆ ಭಾನುವಾರ ಕೋಟೆಯಲ್ಲಿ ಹನ್ನೊಂದು ಊರಿನವರು ಸೇರಿ ಬಾಣಬಿರುಸು ಹಾರಿಸಿದರು. ಇವರನ್ನು ಬುರುಜಿನ ಮೇಲೆ ನಿಲ್ಲಿಸಿ ಭಾಷಣ ಮಾಡಿಸಿದರು. ಭಾಷಣ ಮೂರು ವಾಕ್ಯದ್ದು, ಅದರಲ್ಲಿ ಎರಡು "ಹೂಂ". ಆದರೂ ಇವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ.

ಮುಂದಿನ ಭಾನುವಾರ ಹದಿನಾಲ್ಕು ಜನ ಬಂದರು. ಅದರ ಮುಂದಿನ ವಾರ ಎಂಟು. ಬಂದವರೂ ಕೋಟೆಯ ಅಂಗಳದಲ್ಲಿ ಅತ್ತಿಂದಿತ್ತ ಅಡ್ಡಾಡಿದರು, ಕೈಯಲ್ಲಿ ಹೊರೆ ಇಲ್ಲದೆ ಬಾಯಿಗೂ ಏನೂ ತೋಚಲಿಲ್ಲ. "ಕೆಲ್ಸ ಏನೂ ಇಲ್ವಲ್ಲಪ್ಪ ದೊರೆ, ಬೇಕರಿಯಲ್ಲಿ ಗಿರಾಕಿ ಕಾಯ್ತಿದಾರೆ" ಎಂದು ಬೇಕರಿ ಅಕ್ಕ ಹೊರಟಳು. ಭೂಗೋಳ ಮೇಡಂ ಮಾತ್ರ ನಕ್ಷೆಯನ್ನು ಇನ್ನೊಮ್ಮೆ ಬೈದು ಹೋದರು.

ಸಂತೆ ಅದಕ್ಕಿಂತ ಮೊದಲೇ ಕೆಟ್ಟಿತ್ತು. ಕಲ್ಲಿನ ಬೆಲೆ ನಲವತ್ತರಿಂದ ಎರಡಕ್ಕೆ ಇಳಿಯಿತು, ಎರಡಕ್ಕೂ ಮೂಸುವವರಿಲ್ಲ. ಇವರ ಗೋದಾಮಿನಲ್ಲಿ ಅರವತ್ತು ಸಾವಿರ ಕಲ್ಲು ಹಾಗೇ ಬಿದ್ದಿತ್ತು. ಎಲ್ಲರ ಹತ್ತಿರವೂ ಚಿನ್ನ ರಾಶಿಯಾಯಿತು, ಅದನ್ನು ಕರಗಿಸುವ ಖರ್ಚೇ ಇಲ್ಲವಲ್ಲ. ಚಿನ್ನ ಅಗ್ಗವಾದಾಗ ಮಿಕ್ಕದ್ದೆಲ್ಲ ಏರಿತು, ಹಳೆಯ ಒಂದು ಕೊಡಲಿಗೆ ಮೂಟೆ ಚಿನ್ನ ಕೇಳುತ್ತಿದ್ದರು. ಜಮೀನಿಗೆ ಕಂದಾಯ ಇಲ್ಲ ಎಂದ ಮೇಲೆ ಬಿಡುವವರು ಯಾರು? ಒಬ್ಬ ಮಹಾನುಭಾವ ಇನ್ನೂರು ತುಂಡಿಗೆ ಬೇಲಿ ಹಾಕಿ ಹೋದವನು ತಿರುಗಿ ಬರಲೇ ಇಲ್ಲ. ಖಾಲಿ ಜಮೀನು, ಗಟ್ಟಿ ಬೇಲಿ, ಒಳಗೆ ನರಪಿಳ್ಳೆಯಿಲ್ಲ. ಹೊಸಬರಿಗೆ ಕಾಲಿಡಲು ಜಾಗವಿರಲಿಲ್ಲ.

ಇದನ್ನು ನಮಗೆ ಹೇಳಿದ್ದು ಯಾರು ಗೊತ್ತೇ? ಆ ನಾಲ್ಕನೇ ಮಹಡಿಯ ಅಜ್ಜ. ತಿಂಗಳ ತಪಾಸಣೆಗೆ ಹೋದಾಗ ಇವರನ್ನು ಲಿಫ್ಟಿನ ಬಾಗಿಲಲ್ಲೇ ಹಿಡಿದು ನಿಲ್ಲಿಸಿದರಂತೆ. "ಏನಪ್ಪಾ, ಖಾತೆ ಮಾಡ್ಕೊಟ್ಟೆ, ಸರಿ. ಒಂದು ಗುಡಿಸಲು ಹಾಕೋಣ ಅಂತ ಪ್ರತಿ ಭಾನುವಾರ ಸುತ್ತುತೀನಿ. ಎಲ್ಲಿ ನೋಡಿದ್ರೂ ಬೇಲಿ. ಇದಕ್ಕೇನಾ ನಾನು ಸಹಿ ಹಾಕಿದ್ದು?" ಇವರು ಮನೆಗೆ ಬಂದು ನನ್ನ ಮುಖ ನೋಡದೆ ಅದನ್ನು ಹೇಳಿದರು. ನಾನು ಆಗ ಆಡಬಹುದಾಗಿದ್ದ ಮಾತುಗಳ ಉದ್ದ ನೆನೆಸಿಕೊಂಡರೆ ಈಗಲೂ ನಾಲಿಗೆ ತುರಿಸುತ್ತದೆ. ಆಡಲಿಲ್ಲ.

ಯಾಕೆಂದರೆ ಆ ಹೊತ್ತಿಗೆ ಮನೆಯಲ್ಲಿ ಹಳೆಯ "ಹೂಂ", "ಊಹೂಂ" ವಾಪಸ್ ಬಂದಿದ್ದವು.

ಇವರು ಎರಡನೆಯ ಮನವಿ ಬರೆದರು: ಕಂದಾಯ ಮತ್ತೆ ಬರಲಿ. ಅದಕ್ಕೂ ಊರಿನ ಇಪ್ಪತ್ತು ಜನರ ಸಹಿ ಬೇಕು. ಸಹಿ ಮಾಡಲು ಯಾರಾದರೂ ಆಟಕ್ಕೆ ಬರಬೇಕಲ್ಲ? ಇವರ ಹತ್ತಿರ ಅವರಲ್ಲಿ ಒಬ್ಬರ ಫೋನ್ ನಂಬರೂ ಇರಲಿಲ್ಲ. ಮೂರು ವರ್ಷ ಭಾನುವಾರ ಬಂದರೆ ಸಿಗುತ್ತಿದ್ದವರ ನಂಬರು ಯಾಕೆ ಬೇಕಿತ್ತು? ಮನವಿಗೆ ಎರಡು ಸಹಿ ಬಿದ್ದವು. ಒಂದು ದೊರೆಯದು, ಇನ್ನೊಂದು ಕಲ್ಲು ಒಡೆಯುವವಳದು. ವಾರ ಕಳೆದು ಮನವಿ ತಾನಾಗಿ ರದ್ದಾಯಿತು.

ಐದನೆಯ ಭಾನುವಾರ ಹತ್ತು ಗಂಟೆಗೆ ಇವರು ಲ್ಯಾಪ್‌ಟಾಪು ತೆರೆದು ಕೂತರು. ಹತ್ತೂವರೆಯಾಯಿತು. ಯಾರೂ ಇಲ್ಲ. ಸ್ಪೀಕರಿನಲ್ಲಿ ಆಟದ ಗಾಳಿಯ ಸದ್ದು ಮಾತ್ರ. ಗೋಡೆಗಳು ಒಂದು ಗೆರೆಯ ಬಿರುಕಿಲ್ಲದೆ ಹೊಳೆಯುತ್ತಿದ್ದವು. ಇವರು ಗೋದಾಮಿಗೆ ಹೋಗಿ, ಕಲ್ಲು ಎಣಿಸಿ, ಹೊರಗೆ ಬಂದು, ಮತ್ತೆ ಒಳಗೆ ಹೋಗಿ ಎಣಿಸಿದರು. ಆಮೇಲೆ "ಚಹಾ ಮಾಡ್ಲಾ?" ಎಂದು ನನ್ನನ್ನು ಕೇಳಿದರು. ಹದಿನಾರು ವರ್ಷದಲ್ಲಿ ಮೊದಲ ಬಾರಿ. ನನಗೆ ನಿಜವಾಗಿ ಭಯವಾಯಿತು.

ಇವರು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಹುಡುಕುತ್ತಿರುವಾಗ ನಾನು ಫೋನು ತೆಗೆದೆ. ಉಪಕರಣದ ಪೆಟ್ಟಿಗೆಯಲ್ಲಿ ಒಂದು ದೊಡ್ಡ ಸುತ್ತಿಗೆ ಇದೆ. ಕೋಟೆಯ ಬಾಗಿಲು ಅಗಲ ಮಾಡುವಾಗ ಇವರು ಕೊಂಡದ್ದು, ನಮ್ಮ ಗೋಡೆಯನ್ನು ನಾವೇ ಒಡೆಯಲು ಬರುವುದು ಅದೊಂದರಿಂದಲೇ. ಅದನ್ನು ಹೊತ್ತುಕೊಂಡು ಉತ್ತರದ ಗೋಡೆಯ ಹತ್ತಿರ ಹೋದೆ. ಸುತ್ತಮುತ್ತ ನೋಡಿದೆ. ಯಾರಿದ್ದರು ನೋಡಲು? ಮನಸ್ಸಿನ ಸಿಟ್ಟನ್ನೆಲ್ಲ ಸೇರಿಸಿ ಬಡಿದೆ. ಚಿಲಕದ ಸಿಟ್ಟು, ಜವುಗಿನ ಸಿಟ್ಟು, ಅರ್ಥಶಾಸ್ತ್ರದ ಸಿಟ್ಟು, ಎಲ್ಲ. ಆರುನೂರು ಕಲ್ಲಿನ ಗೋಡೆ ಒಂದು ನಿಮಿಷದಲ್ಲಿ ನೆಲ ಕಂಡಿತು. ಸುತ್ತಿಗೆಯನ್ನು ಪೆಟ್ಟಿಗೆಯಲ್ಲಿಟ್ಟು ಒಳ್ಳೆಯ ಹೆಂಡತಿಯ ಮುಖ ಮಾಡಿಕೊಂಡು ಕೂತೆ.

ಕೋಟೆಯ ಗೋಡೆ ಬಿದ್ದರೆ ಊರಿನ ಪ್ರತಿಯೊಬ್ಬರ ಫೋನಿಗೂ ಎಚ್ಚರಿಕೆಯ ಗಂಟೆ ಹೊಡೆಯುತ್ತದೆ.

ಮೊದಲು ಬಂದದ್ದು ಬೇಕರಿ ಅಕ್ಕ. "ಯಾರ್ರೀ ಅದು ಗೋಡೆ ಒಡೆದೋನು? ಅವನ ಕೈ ಮುರಿಯ! ಆ ಗೋಡೆಗೆ ನಾನೆಷ್ಟು ಕಲ್ಲು ಹೊತ್ತಿದೀನಿ ಗೊತ್ತಾ?" ಆಮೇಲೆ ಭೂಗೋಳ ಮೇಡಂ ಬಂದು, ಬಿದ್ದದ್ದು ಉತ್ತರದ ಗೋಡೆಯಲ್ಲ, ಈಶಾನ್ಯದ್ದು ಎಂದರು. ಲಾರಿ ಅಣ್ಣ ಎಲ್ಲೋ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿದ್ದ. ಹದಿನೈದು ನಿಮಿಷದಲ್ಲಿ ಹತ್ತೊಂಬತ್ತು ಜನ. ಇವರು ಚಹಾ ಚೆಲ್ಲಿಕೊಂಡು ಓಡಿ ಬಂದರು. ಲ್ಯಾಪ್‌ಟಾಪಿನ ಮುಂದೆ ಕೂತು ಒಂದೆರಡು ಗಳಿಗೆ ಏನನ್ನೋ ತೆರೆದು ಓದಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಶತ್ರುಗಳ ಕೆಲಸ. ಎಲ್ಲರೂ ಗೋದಾಮಿಗೆ ಬನ್ನಿ!" ಎಂದು ಗರ್ಜಿಸಿದರು.

ಹತ್ತು ಹತ್ತು ಕಲ್ಲು ಹೊತ್ತು ಎಲ್ಲರೂ ನಡೆದರು. ಓವನ್ನು, ಮೊಮ್ಮಗಳು, ಬೆನ್ನುನೋವು ಎಲ್ಲ ಮತ್ತೆ ಶುರುವಾಯಿತು. ಬಿದ್ದ ಗೋಡೆಯ ಆಚೆ ಯಾರೋ ಹೊಸಬರು ಬರಿಗೈಯಲ್ಲಿ ನಿಂತಿದ್ದರು. "ನಾನು ನಾಲ್ಕನೇ ಮಹಡಿ. ಒಳಗೆ ಬರಬಹುದಾ?" ಎಂದರು. ಇವರು ಅಜ್ಜನ ಕೈಗೂ ಹತ್ತು ಕಲ್ಲು ಕೊಟ್ಟರು. ಗೋಡೆ ಎದ್ದು ನಿಂತ ಮೇಲೆ, "ಸಾರ್, ಆ ಜವುಗಿನ ತುಂಡು ನೀವೇ ಇಟ್ಕೊಳ್ಳಿ. ನೋಟ ಚೆನ್ನಾಗಿದೆ" ಎಂದರು. ಹತ್ತೊಂಬತ್ತು ಹದಿನೆಂಟಾದದ್ದು ಹಾಗೆ. ಅವತ್ತು ಎಲ್ಲರ ನಂಬರನ್ನೂ ಬರೆದುಕೊಂಡೆವು, ಹಳದಿ ಕಾರ್ಡಿನ ಹಿಂಭಾಗದಲ್ಲೇ.

ಸತ್ಯ ಬಾಯಿಬಿಡಬೇಕೆಂದು ವಾರವಿಡೀ ಅಂದುಕೊಂಡೆ. ಮುಂದಿನ ಭಾನುವಾರ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತಿದ್ದಾಗಲೇ ನನ್ನ ಫೋನಿನಲ್ಲಿ ಗಂಟೆ ಹೊಡೆಯಿತು. ಪೂರ್ವದ ಗೋಡೆ ಬಿದ್ದಿತ್ತು. ನಾನಂತೂ ಒಡೆದಿರಲಿಲ್ಲ. ಉಪಕರಣದ ಪೆಟ್ಟಿಗೆಯ ಪಟ್ಟಿ ತೆರೆದೆ. ದೊಡ್ಡ ಸುತ್ತಿಗೆ: ತೆಗೆದವರು ದೊರೆ, ಒಂಬತ್ತು ಐವತ್ತು. ವಾಪಸ್ ಇಟ್ಟವರು ದೊರೆ, ಒಂಬತ್ತು ಐವತ್ತೆರಡು. ಅದರ ಕೆಳಗಿನ ಸಾಲಿನಲ್ಲಿ ಹಿಂದಿನ ವಾರದ ನನ್ನ ಹೆಸರು, ನನ್ನ ಹೊತ್ತು, ಎಲ್ಲ ಸ್ಪಷ್ಟವಾಗಿತ್ತು. ಮೂರು ಸರಳಿಗೆ ಒಂದು ವಾರ ಮುಖ ಊದಿಸಿಕೊಂಡ ಮನುಷ್ಯ ಅದನ್ನು ಓದದೇ ಇದ್ದಾರೆಯೇ? ಅವತ್ತು ಗರ್ಜಿಸುವ ಮೊದಲು ಓದಿದ್ದೇ ಅದನ್ನು.

ಮೇಜಿನ ಆ ಕಡೆ ಇವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕಿವಿ ಮಾತ್ರ ಕೆಂಪಗಾಗಿತ್ತು.

"ರೀ, ಶತ್ರು ಮತ್ತೆ ಬಂದಿದ್ನಾ?"

"ಹೂಂ."

"ಹಿಡೀಬೇಕಲ್ವಾ ಅವನನ್ನ?"

"ಬೇಡ ಬಿಡೇ" ಎಂದರು. "ಪಾಪ, ವಾರಕ್ಕೊಂದು ಸಲ ಬರ್ತಾನೆ."

ಸ್ಪೀಕರಿನಲ್ಲಿ ಬೇಕರಿ ಅಕ್ಕ ಆಗಲೇ ಶತ್ರುವಿನ ಏಳು ತಲೆಮಾರನ್ನು ಬೈಯಲು ಶುರುಮಾಡಿದ್ದಳು. ಬಚ್ಚಲ ಚಿಲಕ ಇನ್ನೂ ಬೀಳುವುದಿಲ್ಲ, ಅದನ್ನೂ ಬರೆದುಬಿಡುತ್ತೇನೆ. ನಾನು ನನ್ನ ಹತ್ತು ಕಲ್ಲು ಹೊತ್ತುಕೊಂಡು ಇವರ ಹಿಂದೆ ಹೊರಟೆ. ಒಂದು ಗೋಡೆಗೆ ಆರುನೂರರಂತೆ, ಇವತ್ತಿನದು ಕಳೆದರೂ ಗೋದಾಮಿನಲ್ಲಿ ಇನ್ನೂ ತೊಂಬತ್ತೆಂಟು ಭಾನುವಾರಕ್ಕೆ ಸಾಕಾಗುವಷ್ಟು ಕಲ್ಲಿದೆ.